ನಾಲ್ಕನೇ ಡಬ್ಬಿಯ ಮನುಷ್ಯ

ನನ್ನ ಮೊಮ್ಮಗಳು ಸಿನೆಮಾ ಮಾಡಿದ್ದಾಳೆ. ಇದೊಂದನ್ನು ಮೊದಲೇ ಹೇಳಿಬಿಡದಿದ್ದರೆ ಮುಂದಿನ ಸಾಲಿಗೆ ನನ್ನ ಕೈ ಓಡುವುದಿಲ್ಲ. ಹಾಲು ತರುವವನಿಗೆ ಹೇಳಿಯಾಯಿತು, ಬಸ್ಸಿನ ಕಂಡಕ್ಟರನಿಗೆ ಹೇಳಿಯಾಯಿತು, ಹಲ್ಲು ಕೀಳುವ ಡಾಕ್ಟರ ಎದುರು ಬಾಯಿ ತೆರೆದುಕೊಂಡೇ ಹೇಳಿದೆ. ಇಪ್ಪತ್ತೆರಡು ನಿಮಿಷದ ಸಿನೆಮಾ. ಒಬ್ಬಳು ಹೆಂಗಸು ಜಗಲಿಯಲ್ಲಿ ಕೂತು ಹಲಸಿನ ಹಣ್ಣು ಬಿಡಿಸುತ್ತಾಳೆ. ಬಿಡಿಸಿ ಮುಗಿಯುವವರೆಗೆ ಕ್ಯಾಮರಾ ಅಲುಗುವುದಿಲ್ಲ. ಅದನ್ನು ಉಡುಪಿಯ ದೊಡ್ಡ ಸಭಾಂಗಣದಲ್ಲಿ ತೋರಿಸಿದರು. ನನ್ನನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಜೀವಮಾನವಿಡೀ ಟಾಕೀಸಿನ ಹಿಂದುಗಡೆ ಗೋಡೆಯ ಕಿಂಡಿಯಿಂದ ಸಿನೆಮಾ ನೋಡಿದವನಿಗೆ ಮುಂದಿನ ಸಾಲು ಹೊಸತು.

ಮುಗಿದ ಮೇಲೆ ಯಾರೋ ಎದ್ದು, “ಕ್ಯಾಮರಾ ಯಾಕೆ ಸುಮ್ಮನೆ ನಿಂತಿದೆ?” ಎಂದು ಕೇಳಿದರು. ನಮ್ಮ ಚೈತ್ರ ಯುರೋಪಿನ ನಾಲ್ಕೈದು ಡೈರೆಕ್ಟರರ ಹೆಸರು ಹೇಳಿ, “ನಾನು ಅವರಿಂದ ಕಲಿತದ್ದು. ಆದರೆ ನನ್ನ ಅಜ್ಜಯ್ಯ ಅವರ ಸಿನೆಮಾಗಳನ್ನು ನಾನು ಹುಟ್ಟುವ ಮುಂಚೆಯೇ ಕುಂದಾಪುರದಲ್ಲಿ ಓಡಿಸಿದ್ದಾರೆ” ಎಂದಳು. ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದು ಬೇಕು?

ಆಮೇಲೆ ಕಾರಿನಲ್ಲಿ ಅವಳು ಕೇಳಿದಳು, “ಅಜ್ಜಯ್ಯ, ಅದ್ರಗೆ ನಿಮ್ಗ್ ಮರಿಯದ್ದೇ ಇದ್ದದ್ ಯಾವ್ದ್?” ನಾನು ಒಂದು ಸಿನೆಮಾದ ಕಥೆ ಹೇಳಿದೆ. ಹೆಸರು ಗೊತ್ತಿರಲಿಲ್ಲ, ದೇಶವೂ ಗೊತ್ತಿರಲಿಲ್ಲ. ಅವಳು ಹುಡುಕಿದಳು. ಎರಡು ವಾರದಲ್ಲಿ ಸಿಕ್ಕಿತು. ಮನೆಗೆ ತಂದು ತೋರಿಸಿದಳು. ಕಂಡದ್ದು ಏನೆಂದು ಹೇಳಬೇಕಾದರೆ ಆ ಮಳೆಗಾಲವನ್ನು ಹೇಳಲೇಬೇಕು.

ಅರವತ್ತೆಂಟೋ ಅರವತ್ತೊಂಬತ್ತೋ. ಇಸವಿ ತಪ್ಪಬಹುದು, ಮಳೆ ತಪ್ಪುವುದಿಲ್ಲ. ಕಿರಿಮಂಜೇಶ್ವರದ ನಮ್ಮ ಮನೆಗೆ ಸಮುದ್ರ ಎಷ್ಟು ಹತ್ತಿರವೆಂದರೆ ಆಷಾಢದಲ್ಲಿ ಮನೆಯೊಳಗೆ ಮಾತಾಡುವವರು ತೆರೆ ಇಳಿಯುವುದನ್ನು ಕಾದು ಮಾತಾಡುತ್ತಿದ್ದರು. ಮನೆಯಲ್ಲಿ ಅಮ್ಮ, ನಾನು, ಕಿರಿ ತಂಗಿ, ಅಕ್ಕ ಜಲಜ. ನಮ್ಮದು ಅಳಿಯಕಟ್ಟಿನ ಮನೆ. ಮದುವೆಯಾದರೂ ಹೆಣ್ಣು ತಾಯಿಯ ಮನೆಯಲ್ಲೇ ಇರುವುದು, ಗಂಡ ಬಂದು ಹೋಗುವುದು. ಭಾವನ ಮನೆ ಕೊಕ್ಕರ್ಣೆಯಲ್ಲಿ. ಅಲ್ಲಿ ಅವನ ತಾಯಿ, ಅವನ ಗದ್ದೆ. ಹದಿನೈದು ದಿನ ಅಲ್ಲಿ, ಹದಿನೈದು ದಿನ ಇಲ್ಲಿ. ಭಾವ ಸಂಜೀವ ಹೆಚ್ಚು ಮಾತಿನವನಲ್ಲ. ಅಂಗಳದ ಬೇಲಿಯ ದಣಪೆ ದಾಟುವಾಗ ಒಂದು ಸಲ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದರೆ ಅಕ್ಕ ಒಲೆಯ ಮೇಲಿನದನ್ನು ಇಳಿಸಿ ತಲೆ ಸರಿ ಮಾಡಿಕೊಳ್ಳುತ್ತಿದ್ದಳು.

ಮದುವೆಯಾಗಿ ಎರಡನೇ ಮಳೆಗಾಲ. ಭಾವ ನಮ್ಮ ಮನೆಯಿಂದ ಕೊಕ್ಕರ್ಣೆಗೆ ಹೊರಟವನು ತಲುಪಲಿಲ್ಲ. ಹೊಳೆಯ ಕಡವಿನಲ್ಲಿ ನೆರೆಗೆ ದೋಣಿ ಮಗುಚಿತು. ಆರು ಜನರಲ್ಲಿ ನಾಲ್ವರು ಈಜಿ ಬಂದರು. ಒಬ್ಬರ ಶವ ಮೂರನೇ ದಿನ ಸಿಕ್ಕಿತು. ಭಾವ ಸಿಕ್ಕಲಿಲ್ಲ. ನಾವು ಅಳಿವೆಯ ಬಾಯಿಯವರೆಗೆ ಹುಡುಕಿದೆವು, ಮರಳಿನ ಮೇಲೆ ಕಾಗೆ ಕೂತಲ್ಲೆಲ್ಲ ಓಡಿದೆವು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಬೇಕಾದ ಹದಿನಾರನೇ ದಿನವೂ ಕಳೆಯಿತು. ಅಕ್ಕ ಕರಿಮಣಿ ತೆಗೆಯಲಿಲ್ಲ.

“ಕಂಡವ್ರ್ ಯಾರ್?” ಅನ್ನುವುದೊಂದೇ ಅವಳ ಮಾತು. “ಮುಳುಗದ್ ಕಂಡವ್ರ್ ಯಾರಿದ್ರ್ ಹೇಳಿ, ತೆಗಿತೆ.”

ಕಂಡವರು ಯಾರೂ ಇರಲಿಲ್ಲ. ನೆರೆಯ ನೀರಿನಲ್ಲಿ ಯಾರು ಯಾರನ್ನು ನೋಡುತ್ತಾರೆ?

ಆಗ ನಾನು ಕುಂದಾಪುರದ ಟಾಕೀಸಿನಲ್ಲಿ ಆಪರೇಟರ್. ಕಾಲೇಜಿನ ಹೆಬ್ಬಾರ್ ಮಾಸ್ಟ್ರು ಕೆಲವರನ್ನು ಕೂಡಿಸಿ, ತಿಂಗಳಿಗೆ ಎರಡು ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಗೆ ಪರದೇಶದ ಸಿನೆಮಾ ತೋರಿಸುವ ವ್ಯವಸ್ಥೆ ಮಾಡಿದ್ದರು. ಟಾಕೀಸಿನ ಧಣಿಗೆ ಅದೊಂದು ತಮಾಷೆ.

“ಹ್ವಾಯ್ ಮಾಸ್ಟ್ರೇ, ನಿಮ್ಮ್ ಪಿಚ್ಚರಗೆ ಪದ್ಯ ಇಲ್ಲ, ಕುಣ್ತ ಇಲ್ಲ, ಹೊಡ್ದಾಟ ಇಲ್ಲ. ಮಾತಾರೂ ಇತ್ತಾ?”

“ಇತ್ತ್ ಮಾರ್ರೆ. ಬೇಕಾದಾಗ ಮಾತ್ರ ಆಡ್ತ್ರ್.”

“ಹಂಗಾರೆ ನಮ್ಮನಿಯವ್ಳಿಗ್ ಒಂದ್ಸಲ ತೋರ್ಸ್ಕ್.”

ನಗುತ್ತಿದ್ದರು, ಟಾಕೀಸು ಬಿಟ್ಟುಕೊಡುತ್ತಿದ್ದರು. ನನಗೆ ಮೊದಮೊದಲು ಆ ಸಿನೆಮಾಗಳು ಶಿಕ್ಷೆ. ನಮ್ಮ ಸಿನೆಮಾದಲ್ಲಿ ಹಾಡು ಬಂದರೆ ನಾನು ಹೊರಗೆ ಹೋಗಿ ಬೀಡಿ ಎಳೆದು ಬರಬಹುದು. ಇವುಗಳಲ್ಲಿ ಹಾಡೇ ಇಲ್ಲ, ಕಿಂಡಿ ಬಿಟ್ಟು ಏಳುವ ಹಾಗಿಲ್ಲ. ಒಂದು ಸಲ ಮಿಷನ್ ನಿಂತಿತೆಂದು ಗಾಬರಿಯಿಂದ ಕೈ ಹಾಕಿದೆ. ನಿಂತದ್ದು ಮಿಷನ್ ಅಲ್ಲ, ಪರದೆಯ ಮೇಲಿನ ಹೆಂಗಸು. ಅವಳು ಖಾಲಿ ಕುರ್ಚಿಯೊಂದನ್ನು ನೋಡುತ್ತಾ ನಿಂತುಬಿಟ್ಟಿದ್ದಳು, ಆ ಡೈರೆಕ್ಟರನೂ ಅವಳೊಟ್ಟಿಗೆ ನಿಂತುಬಿಟ್ಟಿದ್ದ. ನಾಲ್ಕು ತಿಂಗಳಲ್ಲಿ ನನಗೆ ಅದರ ರುಚಿ ಹತ್ತಿತು. ಮನೆಗೆ ಬಂದರೆ ನಮ್ಮ ಅಡುಗೆಮನೆಯ ಬಾಗಿಲನ್ನು ಸಹ ಅವರ ಹಾಗೆ ಸುಮ್ಮನೆ ನೋಡುತ್ತಾ ಕೂರುತ್ತಿದ್ದೆ. ಹಾಗೆ ನೋಡಿದರೆ ಬಾಗಿಲು ಬರೀ ಬಾಗಿಲಾಗಿ ಉಳಿಯುವುದಿಲ್ಲ. ಇನ್ನೇನು ಯಾರೋ ಒಳಗೆ ಬರುತ್ತಾರೆ ಅನಿಸುತ್ತದೆ.

ಶ್ರಾವಣದ ಒಂದು ಶನಿವಾರ. ಮರುದಿನದ ಸಿನೆಮಾ ಉತ್ತರದ ಕಡೆಯ ಊರಲ್ಲಿ ತೋರಿಸಿ ಮುಗಿದು ಬಸ್ಸಿನಲ್ಲಿ ಬಂತು. ನಾನು ಶಿರೂರಿಗೆ ಹೋಗಿ ಇಳಿಸಿಕೊಂಡೆ. ನಾಲ್ಕು ದೊಡ್ಡ ತಗಡಿನ ಡಬ್ಬಿ, ಗೋಣಿಯಲ್ಲಿ ಕಟ್ಟಿದ್ದು. ಬಸ್ಸಿನ ತಲೆಯ ಮೇಲೆ ಇಡೀ ದಾರಿ ನೆನೆದು ನೀರು ಸೋರುತ್ತಿತ್ತು. ಮನೆಗೆ ತಂದು ಬಿಚ್ಚಿದರೆ ಡಬ್ಬಿಯ ಮೇಲೆ ನಂಬರು ಬರೆದು ಅಂಟಿಸಿದ್ದ ಕಾಗದದ ಚೀಟಿಗಳು ಕಿತ್ತು ಗೋಣಿಯ ತಳದಲ್ಲಿ ಬಿದ್ದಿವೆ. ಒಳಗಿನ ರೀಲಿನ ತುದಿಯಲ್ಲೂ ನಂಬರು ಬರೆಯುವುದುಂಟು. ಆದರೆ ಹತ್ತು ಊರು ತಿರುಗಿದ ರೀಲು, ತುದಿ ಹರಿದು ಹೋಗಿತ್ತು.

“ಇದೆಂತ ಶೀನ, ಡಬ್ಬಿ ಎಲ್ಲ ಬೋಳಾಯ್ತಲ?” ಎಂದಳು ಅಕ್ಕ.

“ಚೀಟಿ ಎದ್ದೋಯ್ತ್. ಮಾಸ್ಟ್ರ್ ಬೈತ್ರ್ ಈಗ.”

“ನೀನ್ ಉಂಡ್ ಬಾ. ನಾನ್ ಅಂಟ್ಸಿ ಇಡ್ತೆ.”

ನಾನು ಉಂಡು ಬರುವಷ್ಟರಲ್ಲಿ ಅವಳು ಸೆರಗಿನಲ್ಲಿ ಡಬ್ಬಿ ಒರೆಸಿ, ಕುಚ್ಚಲಕ್ಕಿ ಅನ್ನದ ಅಗುಳು ತಿಕ್ಕಿ, ನಾಲ್ಕಕ್ಕೂ ಚೀಟಿ ಅಂಟಿಸಿ ಸಾಲಾಗಿ ಇಟ್ಟಿದ್ದಳು. ಅಕ್ಕನಿಗೆ ಅಕ್ಷರವಾಗಲಿ ಅಂಕೆಯಾಗಲಿ ಬರುತ್ತಿರಲಿಲ್ಲ. ಆ ಹೊತ್ತಿಗೆ ನನಗೆ ಅದು ಹೊಳೆಯಲೇ ಇಲ್ಲ. ಅಮ್ಮ ಹೇಳಿದಳು, “ನಾಳೆ ಇವ್ಳನ್ನೂ ಕರ್ಕಂಡ್ ಹೋಗ್. ನಾಕ್ ಜನ್ರ ಮುಖ ಕಾಣ್ಲಿ.” ಒಂದೂವರೆ ತಿಂಗಳಿಂದ ದಣಪೆ ದಾಟದಿದ್ದ ಅಕ್ಕ ಯಾಕೋ ಹೂಂ ಎಂದಳು.

ಅವಳನ್ನು ಕಿಂಡಿಯ ಕೆಳಗೆ, ಕೊನೆಯ ಬೆಂಚಿನಲ್ಲಿ ಕೂರಿಸಿ ಮೇಲೆ ಹೋದೆ. ಮಿಷನ್ ಹಚ್ಚಿದೆ. ಸಮುದ್ರ ಬಂತು. ಯಾವುದೋ ಚಳಿ ದೇಶದ ಸಮುದ್ರ, ಕಪ್ಪು ಬಿಳುಪು. ದಡಕ್ಕೆ ಒಂದು ಖಾಲಿ ದೋಣಿ ಬಂದು ತಾಗುತ್ತದೆ. ಇಂಥದ್ದೆಂದು ಗೊತ್ತಿದ್ದರೆ ಕರೆತರುತ್ತಲೇ ಇರಲಿಲ್ಲ. ಕಿಂಡಿಯಿಂದ ಇಣುಕಿದರೆ ಅಕ್ಕನ ನೆತ್ತಿ ಮಾತ್ರ ಕಾಣುತ್ತಿತ್ತು, ಅಲುಗುತ್ತಿರಲಿಲ್ಲ. ಎರಡನೇ ಡಬ್ಬಿಯಲ್ಲಿ ಕಪ್ಪು ಬಟ್ಟೆಯ ಹೆಂಗಸರು ಬಂದು ಕೂತು ಹೋಗುತ್ತಾರೆ, ಹೆಂಡತಿ ಗೆಡ್ಡೆ ಸುಲಿಯುತ್ತಾ ಇರುತ್ತಾಳೆ, ಸುಲಿಯುತ್ತಲೇ ಇರುತ್ತಾಳೆ. ಮೂರನೆಯದರಲ್ಲಿ ಗಂಡ! ಬೆಳಗಿನ ಹೊತ್ತು ದೋಣಿ ನೂಕಿ ಹತ್ತುತ್ತಾನೆ, ತಿರುಗಿ ಕೈ ಎತ್ತುತ್ತಾನೆ. ನಾಲ್ಕನೆಯದರಲ್ಲಿ ಅವನು ದೂರದ ದಡದಿಂದ ನಡೆದು ಬರುತ್ತಾನೆ. ಎಷ್ಟು ದೂರದಿಂದ, ಎಷ್ಟು ಹೊತ್ತು! ಇರುವೆಯಷ್ಟಿದ್ದವನು ಆಳೆತ್ತರ ಆಗುವವರೆಗೆ ಕ್ಯಾಮರಾ ಕಾದು ನಿಂತಿದೆ. ಬಾಗಿಲು ದೂಡಿ ಒಳಗೆ ಬಂದು ಮೇಜಿಗೆ ಕೂರುತ್ತಾನೆ. ಹೆಂಡತಿ ಏನೂ ಕೇಳದೆ ಬಡಿಸುತ್ತಾಳೆ. ಅವನು ಉಣ್ಣುತ್ತಾನೆ. ಅಲ್ಲಿಗೆ ಮುಗಿಯಿತು.

ನನಗೆ ಆಗ ಹೊಳೆಯಿತು. ಡಬ್ಬಿ ಹಿಂದುಮುಂದಾಗಿದೆ. ಅವನು ಮೊದಲು ಉಣ್ಣಬೇಕು, ಆಮೇಲೆ ಹೊರಡಬೇಕು, ದೋಣಿ ಖಾಲಿ ಬರುವುದು ಆಮೇಲೆ. ಮಾಸ್ಟ್ರು ಪರದೆಯ ಮುಂದೆ ಹೋಗಿ ನಿಂತರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರು ಹೇಳಿದ್ದು ಬೇರೆ.

“ಸತ್ತವನು ಹೇಗೆ ಬಂದ ಎಂದು ಕೇಳಬೇಡಿ. ಈ ಡೈರೆಕ್ಟರ್ ಬೇಕೆಂದೇ ಹೀಗೆ ಮಾಡಿದ್ದಾನೆ. ಕಾಯುವವರ ಕಾಲ ಕ್ಯಾಲೆಂಡರಿನ ಹಾಗೆ ಮುಂದಕ್ಕೇ ಹೋಗುವುದಿಲ್ಲ, ಉಬ್ಬರ ಇಳಿತದ ಹಾಗೆ ಹೋಗಿ ಬರುತ್ತದೆ. ಅವಳ ಮಟ್ಟಿಗೆ ಅವನು ಬಂದಿದ್ದಾನೆ, ಉಂಡಿದ್ದಾನೆ.”

ನಾನು ಮೇಲೆ ಕೂತು ನಗು ತಡೆದೆ. ಓದಿದವರಿಗೆ ತಪ್ಪಿನಲ್ಲೂ ಅರ್ಥ ಕಾಣುತ್ತದಲ್ಲ ಎಂದು. ನಿಜ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ನೆನೆದ ಸೆರಗು ಹಿಂಡಿಕೊಂಡು ಕೂತಳು. ಆಮೇಲೆ, “ಶೀನ” ಎಂದಳು.

“ಎಂತಕ್ಕ?”

“ಅವ ಉಂಡದ್ ಕಂಡ್ಯಾ?”

“ಹೂಂ.”

“ಪಾಪ, ಹಸ್ದಿತ್ ಅವ್ನಿಗೆ.”

ಮರುದಿನ ಮಧ್ಯಾಹ್ನ ಊಟಕ್ಕೆ ಕೂತರೆ ಒಂದು ಬಟ್ಟಲು ಹೆಚ್ಚಿಗೆ ಇತ್ತು. ಭಾವ ಕೂರುತ್ತಿದ್ದ ಕಂಬದ ಪಕ್ಕ. ಅಕ್ಕ ಅದಕ್ಕೂ ಅನ್ನ ಬಡಿಸಿ ಮೀನಿನ ಸಾರು ಹಾಕಿದಳು. ಅವತ್ತಿನಿಂದ ದಿನವೂ ಹಾಗೆಯೇ. ಎಂಥ ಗಾಳಿಮಳೆಯಿದ್ದರೂ ಎದುರು ಬಾಗಿಲು ಮುಚ್ಚಲಿಕ್ಕೆ ಬಿಡುತ್ತಿರಲಿಲ್ಲ. ಇರಚಲು ಹೊಡೆದು ಜಗಲಿಯ ನೆಲವೆಲ್ಲ ಒದ್ದೆ. ಒಂದು ದಿನ ತಂಗಿ ಚೀರಿಕೊಂಡಳು. ಹೊಸ್ತಿಲ ಒಳಗೆ ಒದ್ದೆ ಹೆಜ್ಜೆಯ ಗುರುತು. ನನ್ನದೇ ಇರಬೇಕು, ನಾನು ಆಗ ತಾನೇ ಬಂದಿದ್ದೆ. ಆದರೂ ನನ್ನ ಕಾಲನ್ನು ಅದರ ಮೇಲೆ ಇಟ್ಟು ನೋಡುವುದಕ್ಕೆ ನಾನು ಹೋಗಲಿಲ್ಲ. ಬೇರೆಯವರಿಗೆ ಹೇಳಿರಲಿಲ್ಲ, ಊಟಕ್ಕೆ ಕೂರುವಾಗ ನಾನೂ ಕಂಬದ ಕಡೆ ಒಬ್ಬರಿಗೆ ಜಾಗ ಬಿಟ್ಟು ಕೂರಲು ಶುರು ಮಾಡಿದ್ದೆ. ಮೂರ್ಸಂಜೆಗೆ ದಣಪೆಯ ಕಡೆ ನೋಡಿದರೆ ಗದ್ದೆಯ ಆಚೆ ತುದಿಯಲ್ಲಿ ಇರುವೆಯಷ್ಟು ಕಪ್ಪು ಕಾಣುತ್ತಿತ್ತು. ದೊಡ್ಡದಾಗುತ್ತದೆಯೇ ಎಂದು ನೋಡುತ್ತಿದ್ದೆ. ಆ ಚಳಿ ದೇಶದ ಡೈರೆಕ್ಟರ್ ನಮ್ಮ ಮನೆಯೊಳಗೇ ಬಂದು ಕೂತಿದ್ದ.

ಭಾದ್ರಪದ ಮುಗಿಯುತ್ತಾ ಬಂದಾಗ ಕೊಕ್ಕರ್ಣೆಯಿಂದ ಭಾವನ ತಾಯಿ ಬಂದರು. ನಾವು ಅತ್ತೆ ಎನ್ನುತ್ತಿದ್ದೆವು. ಅರ್ಧ ಆಳಾಗಿದ್ದರು. ಬಟ್ಟಲು ನೋಡಿದರು, ಜಗಲಿಗೆ ಬಂದು ಕೂತರು.

“ಶೀನ, ಬೊಜ್ಜ ಮಾಡದ್ದೆ ನನ್ನ ಮಗ ದಣಪಿ ಹೊರ್ಗೆ ನಿಂತಿದ. ಹಬ್ಬಕ್ಕೆ ಹಿರಿಯರಿಗ್ ಬಡ್ಸುವತಿಗೆ ಅವ ಎಲ್ಲಿ ಕೂಕಂಬುದ್? ಆ ಬದಿಗೂ ಇಲ್ಲ, ಈ ಬದಿಗೂ ಇಲ್ಲ.”

ಒಳಗಿನಿಂದ ಅಕ್ಕ ಹೇಳಿದಳು, “ಇಲ್ಲಿ ದಿನಾ ಬಡಿಸ್ತಿದ್ದೆ ಅಲ್ದಾ ಅತ್ತೆ? ಎಂತಕ್ಕೆ ಹಸ್ವು?”

“ನೀನ್ ಬಡ್ಸುದ್ ಬದ್ಕಿದ್ದವ್ರಿಗೆ ಮಗಾ. ಸತ್ತವ್ರಿಗ್ ಅದ್ ಮುಟ್ಟುದಿಲ್ಲ.”

ಹೊರಡುವಾಗ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. “ಹೆಂಡ್ತಿ ಕರಿಮಣಿ ಹಾಕ್ಕಂಡ್ ಇಪ್ಪತಿಗೆ ನಾನ್ ಹೇಂಗೆ ಬೊಜ್ಜ ಮಾಡ್ಲಿ? ನೀನ್ ಹೇಳ್ರೆ ಕೇಳ್ತ್ಳ್. ಹೇಳ್ ಮಗಾ.”

ಆ ಕೈಯ ಬಿಸಿ ಇನ್ನೂ ಇದೆ. ಮೂರು ದಿನ ಒದ್ದಾಡಿದೆ. ನಾಲ್ಕನೇ ದಿನ ಬೆಳಿಗ್ಗೆ ಅಕ್ಕ ಬಾವಿಕಟ್ಟೆಯಲ್ಲಿ ಬಟ್ಟಲು ತೊಳೆಯುತ್ತಿದ್ದಳು. ಭಾವನದನ್ನು ಎಲ್ಲಕ್ಕಿಂತ ಚೆನ್ನಾಗಿ ಹುಳಿ ಹಚ್ಚಿ ತಿಕ್ಕುತ್ತಿದ್ದಳು.

“ಅಕ್ಕ, ಒಂದ್ ಹೇಳ್ತೆ. ಆ ಪಿಚ್ಚರ್ ನಾವ್ ಹಿಂದ್‌ಮುಂದ್ ತೋರ್ಸಿದ್.”

“ಅಂದ್ರೆ?”

“ಅವ ಮೊದ್ಲ್ ಉಂಡದ್, ಮತ್ತ್ ಹೊರಟದ್. ದೋಣಿ ಖಾಲಿ ಬಂದದ್ ಕಡೀಗೆ. ಅವ ತಿರ್ಗಿ ಬರ್ಲೇ ಇಲ್ಲ ಅಕ್ಕ.”

ಅವಳ ಕೈ ನಿಂತಿತು. “ನಾನ್ ಚೀಟಿ ಅಂಟ್ಸಿದ್ ತಪ್ಪಾಯ್ತಾ?”

“ನಿಂಗ್ ನಂಬ್ರ ಓದುಕ್ ಬತ್ತಿಲ್ಲ ಅಲ್ದಾ.”

“ಓದುದ್ ಎಂತಕ್ಕೆ? ಚೀಟಿ ಹರ್ದದ್ರ ಚೂರ್ ಡಬ್ಬಿಯಗೇ ಹಿಡ್ಕಂಡಿತ್ತ್. ಯಾವ್ದಕ್ ಯಾವ್ದ್ ಕೂಡ್ತ್ ಕಂಡೇ ಅಂಟ್ಸಿದ್ದೆ.”

“ನೀರಲ್ಲಿ ನೆಂದ್ ಮುದ್ದಿಯಾದ್ದ್ ಎಂತ ಕೂಡ್ತ್? ಸತ್ತವ್ರ್ ಬಂದ್ ಉಂಬುದ್ ಇತ್ತಾ ಅಕ್ಕ, ಯಾವ ದೇಶದಗಾರೂ?”

ಅವಳು ನನ್ನ ಮುಖ ನೋಡಿದಳು. “ಹೌದಾ. ಪಿಚ್ಚರ್ ವಿಷ್ಯ ನಿಂಗೇ ಗೊತ್ತ್” ಎಂದಳು. ಭಾವನ ಬಟ್ಟಲನ್ನು ಬೋರಲು ಹಾಕಿ ಒಳಗೆ ಹೋದಳು. ಆ ಮಧ್ಯಾಹ್ನ ನಮ್ಮ ನಮ್ಮ ಬಟ್ಟಲು ಮಾತ್ರ ಇತ್ತು. ಎದುರು ಬಾಗಿಲು ಮುಚ್ಚಿತ್ತು. ಸಮುದ್ರದ ಸದ್ದು ಅಷ್ಟು ಕಡಿಮೆಯಾದದ್ದನ್ನು ನಾನು ಮೊದಲ ಸಲ ಕೇಳಿದೆ.

ಕೊಕ್ಕರ್ಣೆಯಲ್ಲಿ ಶವದ ಬದಲಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟರು. ಬೊಜ್ಜದ ಊಟಕ್ಕೆ ಊರೆಲ್ಲ ಬಂತು. ಅಕ್ಕ ಬೋಳು ಕತ್ತಿನಲ್ಲಿ ಕೂತಿದ್ದಳು. ಅತ್ತೆ ಎಡೆಗೆ ಬಡಿಸಿ, “ಉಣ್ ಮಗಾ” ಎಂದು ಅತ್ತರು. ಅತ್ತು ಹಗುರಾದರು. ಅದೊಂದು ಸಮಾಧಾನ ನನಗೆ. ಅಕ್ಕ ಅಳಲಿಲ್ಲ. ನಮ್ಮಲ್ಲಿ ಇನ್ನೊಂದು ಸಂಬಂಧಕ್ಕೆ ಅಡ್ಡಿಯಿಲ್ಲ, ಎರಡು ಕಡೆಯಿಂದ ಕೇಳಿಕೊಂಡೂ ಬಂದರು. ಅವಳು ಬೇಡವೆಂದಳು. ಗದ್ದೆ ಮಾಡಿಸಿದಳು, ತಂಗಿಯ ಮಕ್ಕಳನ್ನು ಸಾಕಿದಳು, ಮನೆಯ ಯಜಮಾನ್ತಿಯಾದಳು. ಮರುವರ್ಷ ಮಾಸ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು, ಆದಿತ್ಯವಾರದ ಸಿನೆಮಾಗಳು ನಿಂತವು. ನಾನು ಮತ್ತೆ ಹಾಡು, ಹೊಡೆದಾಟ ಓಡಿಸಿದೆ. ಆದರೆ ಎಲ್ಲೇ ಖಾಲಿ ಕುರ್ಚಿ ಕಂಡರೂ ಒಂದು ನಿಮಿಷ ನಿಲ್ಲುವ ಚಟ ನನ್ನನ್ನು ಬಿಟ್ಟು ಹೋಗಲಿಲ್ಲ.

ಹೋದ ತಿಂಗಳು ಚೈತ್ರ ಲ್ಯಾಪ್‌ಟಾಪ್ ತೆರೆದಳು. ಖಾಲಿ ದೋಣಿ ಬಂದು ದಡಕ್ಕೆ ತಾಗಿತು.

“ಹೆಣೆ ಹುಡ್ಗಿ, ಇದೂ ತಪ್ಪ್ ಕಾಪಿ. ಇದ್ ಕಡೀಗ್ ಬರ್ಕ್.”

ಅವಳು ನಕ್ಕಳು. “ಇಲ್ಲ ಅಜ್ಜಯ್ಯ, ಇದ್ ಇರುದೇ ಹೀಂಗೆ. ನಮ್ಗ್ ಇದ್ ಪಾಠ ಇದ್ದಿತ್ತ್. ಸತ್ತವ ಕಡೀಗ್ ಬಂದ್ ಉಣ್ತ, ಅದೇ ಈ ಪಿಚ್ಚ್ರಿನ ಜೀವ. ಮುಂದೆ ಎಷ್ಟ್ ಜನ ಈ ಡೈರೆಕ್ಟರನ್ನ ಕಂಡ್ ಕಲ್ತ್ರ್ ಗೊತ್ತಿತ್ತಾ? ನಾನೂ ಕ್ಯಾಮರಾ ನಿಲ್ಸುದ್ ಇವ್ನಿಂದೇ ಕಲ್ತದ್.”

ಮಾಸ್ಟ್ರು ಸರಿ. ಡೈರೆಕ್ಟರ್ ಸರಿ. ಅಕ್ಷರ ಬಾರದ ಅಕ್ಕ ಹರಿದ ಚೂರು ಕೂಡಿಸಿ ಅಂಟಿಸಿದ್ದು ನಾಲ್ಕಕ್ಕೆ ನಾಲ್ಕೂ ಸರಿ. ತಪ್ಪು ಇದ್ದದ್ದು ಮಿಷನ್ ತಿರುಗಿಸಿದವನ ತಲೆಯಲ್ಲಿ ಮಾತ್ರ. ಆ ತಲೆಯ ಮಾತು ನಂಬಿ ಅಕ್ಕ ಕರಿಮಣಿ ತೆಗೆದಿದ್ದಳು. ಮೊಮ್ಮಗಳು ಕೂತಲ್ಲೇ ಹೆಮ್ಮೆಯಿಂದ ಹೊಳೆಯುತ್ತಿದ್ದಾಳೆ, ನನಗೂ ಹೆಮ್ಮೆಯಿಂದ ಎದೆ ಬಿರಿಯುತ್ತಿದೆ, ಅದೇ ಎದೆಯೊಳಗೆ ಐವತ್ತು ಚಿಲ್ಲರೆ ವರ್ಷದ ಹಿಂದೆ ಬೋರಲು ಹಾಕಿದ ಬಟ್ಟಲು ಒಂದು ಸದ್ದು ಮಾಡುತ್ತಿದೆ.

ಅವಳನ್ನೇ ಕರೆದುಕೊಂಡು ಕಿರಿಮಂಜೇಶ್ವರಕ್ಕೆ ಹೋದೆ. ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಮನೆತುಂಬ ತಂಗಿಯ ಮಕ್ಕಳು ಮೊಮ್ಮಕ್ಕಳು. ಜಗಲಿಯಲ್ಲಿ ಹುರುಳಿ ಆರಿಸುತ್ತಾ ಕೂತಿದ್ದಳು. ನಾನು ಎಲ್ಲ ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು.

“ಇಷ್ಟ್ ವರ್ಷ ಇದನ್ ಹೊತ್ಕಂಡ್ ತಿರ್ಗಿದ್ಯಾ?”

“ತಪ್ಪ್ ಅಂದೇಳಿ ಗೊತ್ತಾದ್ದೇ ಹೋದ್ ತಿಂಗ್ಳ್ ಅಕ್ಕ. ನಿಂಗ್ ಬೇಜಾರಿಲ್ಯಾ?”

“ಬೇಜಾರ್ ಇಲ್ದೆ? ನನ್ನ ಗಂಡನ್ನ ಕೊಂದದ್ ಹೊಳಿಯಲ್ಲ, ನೀನ್.” ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. “ಆದ್ರೆ ನೀನ್ ಹೇಳ್ದೆ ಇದ್ದಿರೆ ನಾನ್ ಇವತ್ತಿಗೂ ಆ ಬಾಗ್ಲೇ ಕಾಣ್ತಾ ಕೂಕಂತಿದ್ದೆ. ದಾರಿ ಕಾಂಬುದ್ ಎಷ್ಟ್ ದೊಡ್ಡ್ ಕೆಲ್ಸ ಗೊತ್ತಿತ್ತಾ ನಿಂಗೆ? ಸಾಕಾಯ್ದಿತ್ತ್ ಮಾರಾಯ. ಹೇಳುಕೂ ಆಪುದಿಲ್ಲ, ಬಿಡುಕೂ ಆಪುದಿಲ್ಲ. ಯಾರಾರೂ ಬಂದ್ ಸುಳ್ಳಾರೂ ಹೇಳ್ಲಿ ಅಂದೇಳಿ ಇದ್ದಿದ್ದೆ.” ಚೈತ್ರಳ ಕಡೆ ತಿರುಗಿದಳು. “ಎಲ್ಲಿತ್ತ್ ಅದ್? ಹಾಕ್ ಕಾಂಬ.”

ಪೂರ್ತಿ ನೋಡಿದಳು. ಅವನು ಬಾಗಿಲು ದೂಡಿ ಬಂದ, ಕೂತ, ಉಂಡ. ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಕೇಳಿದಳು, “ಮಗಾ, ಇದ್ರಗೆ ಹಿಂದ್‌ಮುಂದ್ ಮಾಡುಕೆ ಬತ್ತಾ?”

“ಬತ್ತ್ ಅಮ್ಮಮ್ಮ. ಎಂತಕ್ಕೆ?”

“ಇವ ಅವತ್ತ್ ಹೇಳ್ದಾಂಗೆ ಹಾಕ್. ಮೊದ್ಲ್ ಉಣ್ಲಿ, ಮತ್ತ್ ಹೊರಡ್ಲಿ. ದೋಣಿ ಮಗ್ಚಿದ್ ದಿನ ಅವ್ರ್ ಹೊರಡುವತಿಗೆ ನಾನ್ ನಟ್ಟಿ ಗದ್ದಿಯಗ್ ಇದ್ದಿದ್ದೆ. ‘ಬತ್ತೆ’ ಅಂದದ್ ಕೇಂಡಿತ್ತ್. ಅಗೆ ನೆಟ್ಟ್ ಮುಗ್ಸುವ ಗಡ್ಬಿಡಿ, ತಲಿ ಎತ್ಲೇ ಇಲ್ಲ. ಅವ್ರ್ ಹೋಪುದ್ ನಾನ್ ಕಾಣ್ಲಿಲ್ಲ.”

ಚೈತ್ರ ಏನೋ ಒತ್ತಿ ಸರಿ ಮಾಡಿದಳು. ಆ ಮನುಷ್ಯ ಉಂಡು ಮುಗಿಸಿದ. ಆಮೇಲೆ ಬೆಳಗಿನ ದಡ. ದೋಣಿ ನೂಕಿದ, ಹತ್ತಿದ, ತಿರುಗಿ ಕೈ ಎತ್ತಿದ. ಅಕ್ಕನ ಬಲಗೈ ಹುರುಳಿಯ ಮೊರದಿಂದ ಮೇಲೆದ್ದಿತು. ದೋಣಿ ಚುಕ್ಕಿಯಾಗುವವರೆಗೆ ಹಾಗೇ ಇತ್ತು.

“ಅಮ್ಮಮ್ಮ, ಮುಂದಿನದ್ದೂ ಹಾಕ್ಲಾ? ದೋಣಿ ಖಾಲಿ ಬಪ್ದ್?”

“ಬ್ಯಾಡ ಮಗಾ” ಎಂದಳು ಅಕ್ಕ, ಕೈ ಇಳಿಸಿ. “ಅದ್ ನಂಗ್ ಗೊತ್ತಿತ್ತ್.”